ನೀರು ಕಳೆದ ರೊಟ್ಟಿ, ನೀರು ಕಟ್ಟುವ ಫ್ರೀಜರ್

ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ ಹೊರಟವರ ಬುತ್ತಿಯನ್ನು ಬಿಚ್ಚಿ ನೋಡಿದರೆ ಅದರಲ್ಲೊಂದು ಕ್ರಮ ಕಾಣುತ್ತದೆ. ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯಿಂದ ಹುಣ್ಣಿಮೆಗೆ ಟ್ರ್ಯಾಕ್ಟರ್ ಕಟ್ಟಿಕೊಂಡು ಹೋಗುವ ಮನೆಗಳಲ್ಲಿ ಕೈಗೆ ಮೊದಲು ಸಿಗುವಂತೆ ಇಡುವುದು ಮೊಸರು ಕಲಸಿದ ಬುತ್ತಿ ಅನ್ನ, ಕಾಳಿನ ಪಲ್ಯ, ಮೆತ್ತನ್ನ ಚಪಾತಿ. ಇವು ಅಂದೇ ಮುಗಿಯಬೇಕು. ಅದರ ಕೆಳಗೆ ಜುಣಕದ ವಡಿ, ಅದಕ್ಕೊಂದು ದಿನ ಹೆಚ್ಚು ಆಯುಷ್ಯ. ಇನ್ನೂ ಕೆಳಗೆ ಶೇಂಗಾ ಹೋಳಿಗೆ, ಉಂಡಿ. ತಳದಲ್ಲಿ ಧೋತರದ ಬಟ್ಟೆ ಸುತ್ತಿದ ಖಡಕ್ ರೊಟ್ಟಿಯ ಗಂಟು, ಪಕ್ಕದ ಡಬ್ಬಿಗಳಲ್ಲಿ ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಅಗಸಿ ಹಿಂಡಿ. ಹೋಗಿ ಬರುವ ದಿನವೆಲ್ಲ ಉಂಡು, ಉಳಿದದ್ದು ಮನೆಗೆ ವಾಪಸ್ ಬಂದರೂ ರೊಟ್ಟಿ ಹಾಗೇ ಇರುತ್ತದೆ.

ಮೇಲಿನಿಂದ ಕೆಳಕ್ಕೆ ಇಳಿದಂತೆ ಅಡುಗೆಯಲ್ಲಿ ನೀರು ಕಡಿಮೆಯಾಗುತ್ತ ಹೋಗುವುದನ್ನು ಗಮನಿಸಬೇಕು. ಪ್ರಯೋಗಾಲಯದ ಉಪಕರಣ ಹಿಡಿದು ಜೋಡಿಸಿದ್ದರೂ ಸಾಲು ಬಹಳ ಬದಲಾಗುತ್ತಿರಲಿಲ್ಲ.

ಒಮ್ಮೆಲೆ ರಾಶಿ ಅಡುಗೆ ಮಾಡಿ ವಾರಗಟ್ಟಲೆ ಉಣ್ಣುವ ಪದ್ಧತಿ ಎಂದರೆ ಇಂದು ನೆನಪಾಗುವುದು ಫ್ರೀಜರ್. ಭಾನುವಾರ ದೊಡ್ಡ ಕುಕ್ಕರಿನಲ್ಲಿ ಬೇಯಿಸಿ, ಡಬ್ಬಿಗಳಿಗೆ ತುಂಬಿ, ಮೈನಸ್ 18 ಡಿಗ್ರಿಯಲ್ಲಿ ಹೂತಿಟ್ಟು, ಬೇಕಾದಾಗ ತೆಗೆದು ಬಿಸಿ ಮಾಡುವುದು. ಖಡಕ್ ರೊಟ್ಟಿಯ ನಾಡು ಇದೇ ಕೆಲಸವನ್ನು ಬೇರೆ ದಾರಿಯಲ್ಲಿ ಮಾಡಿಕೊಂಡು ಬಂದಿದೆ. ಎರಡೂ ದಾರಿಗಳ ಗುರಿ ಒಂದೇ: ಅನ್ನದಲ್ಲಿರುವ ನೀರು ಸೂಕ್ಷ್ಮಜೀವಿಗಳ ಬಾಯಿಗೆ ಬೀಳಬಾರದು.

ಆಹಾರ ಕೆಡುವುದು ಅದರಲ್ಲಿ ಒಟ್ಟು ಎಷ್ಟು ನೀರಿದೆ ಎಂಬುದಕ್ಕಿಂತ, ಆ ನೀರಿನಲ್ಲಿ ಎಷ್ಟು ಬಿಡುವಾಗಿದೆ ಎಂಬುದರ ಮೇಲೆ ನಿಂತಿದೆ. ಬೆಲ್ಲ, ಉಪ್ಪು, ಪಿಷ್ಟ ಇವೆಲ್ಲ ನೀರನ್ನು ಹಿಡಿದಿಟ್ಟುಕೊಳ್ಳುತ್ತವೆ. ಹಾಗೆ ಹಿಡಿಯದೆ ಉಳಿದ ನೀರಷ್ಟೇ ಬ್ಯಾಕ್ಟೀರಿಯಾ, ಬೂಷ್ಟುಗಳಿಗೆ ಸಿಗುತ್ತದೆ. ಆಸ್ಟ್ರೇಲಿಯದ ವಿಜ್ಞಾನಿ ಡಬ್ಲ್ಯು. ಜೆ. ಸ್ಕಾಟ್ 1950ರ ದಶಕದಲ್ಲಿ ಇದನ್ನು ಸ್ಪಷ್ಟವಾಗಿ ತೋರಿಸಿಕೊಟ್ಟರು. ಅಂದಿನಿಂದ ಆಹಾರ ವಿಜ್ಞಾನದಲ್ಲಿ ಜಲಚಟುವಟಿಕೆ ಎಂಬ ಅಳತೆ ಬಳಕೆಯಲ್ಲಿದೆ. ಶುದ್ಧ ನೀರಿಗೆ ಅದು 1, ಒಂದು ಹನಿಯೂ ಬಿಡುವಿಲ್ಲದ ಒಣ ವಸ್ತುವಿಗೆ 0. ಅನ್ನ, ಪಲ್ಯ, ಸಾರುಗಳು 0.95ರ ಮೇಲೆಯೇ ಇರುತ್ತವೆ. ಆಹಾರ ಕೆಡಿಸುವ ಬಹುತೇಕ ಬ್ಯಾಕ್ಟೀರಿಯಾಗಳು 0.91ರ ಕೆಳಗೆ ಬೆಳೆಯಲಾರವು. ಹೊಟ್ಟೆ ಕೆಡಿಸುವ ಸ್ಟಫೈಲೊಕಾಕಸ್ 0.86ರ ತನಕ ಹಟ ಹಿಡಿಯುತ್ತದೆ. ಬೂಷ್ಟು ಇನ್ನೂ ಕೆಳಗೆ, 0.7ರ ಆಸುಪಾಸಿನವರೆಗೂ ಬದುಕುತ್ತದೆ. 0.6ರ ಕೆಳಗೆ ಯಾವುದೂ ಬೆಳೆಯುವುದಿಲ್ಲ. ಚೆನ್ನಾಗಿ ಒಣಗಿದ ಖಡಕ್ ರೊಟ್ಟಿ ಈ ಕೊನೆಯ ಗೆರೆಯನ್ನೂ ದಾಟಿ ಬಹಳ ಕೆಳಗಿರುತ್ತದೆ.

ಅಲ್ಲಿಗೆ ತಲುಪುವುದು ಸುಲಭವಲ್ಲ, ಏಕೆಂದರೆ ಆರಂಭದಲ್ಲಿ ರೊಟ್ಟಿಗೆ ನೀರು ಧಾರಾಳ ಬೇಕು. ಜೋಳದಲ್ಲಿ ಗೋಧಿಯ ಹಾಗೆ ಗ್ಲೂಟನ್ ಇಲ್ಲ. ಜೋಳದ ಮುಖ್ಯ ಪ್ರೋಟೀನಾದ ಕ್ಯಾಫಿರಿನ್ ಸಣ್ಣ ಗುಳಿಗೆಗಳಂತೆ ಮುದುಡಿಕೊಂಡಿರುತ್ತದೆ, ಒಂದಕ್ಕೊಂದು ಕೈ ಜೋಡಿಸಿ ಜಾಲ ಹೆಣೆಯುವುದಿಲ್ಲ. ತಣ್ಣೀರು ಹಾಕಿ ನಾದಿದರೆ ಹಿಟ್ಟು ಮರಳಿನಂತೆ ಬಿರಿಯುತ್ತದೆ. ಅದಕ್ಕೇ ಎಸರು. ಪರಾತದಲ್ಲಿ ಹಿಟ್ಟಿನ ನಡುವೆ ಗುಳಿ ಮಾಡಿ, ಕುದಿಯುವ ನೀರು ಸುರಿದು, ಕಟ್ಟಿಗೆಯ ಸೌಟಿನಿಂದ ತಿರುವಿ, ಕೈ ತಾಳುವಷ್ಟು ಆರಿದ ಮೇಲೆ ನಾದುತ್ತಾರೆ. ಜೋಳದ ಪಿಷ್ಟದ ಕಣಗಳು ಸುಮಾರು 70 ಡಿಗ್ರಿ ದಾಟಿದಾಗ ನೀರು ಕುಡಿದು ಉಬ್ಬಿ ಒಡೆದು ಅಂಟಾಗುತ್ತವೆ. ಪ್ರೋಟೀನು ಮಾಡದ ಕೆಲಸವನ್ನು ಈ ಅಂಟು ಮಾಡುತ್ತದೆ. "ಎಸರು ಕುದೀಲಿ ತಡೀ ತಂಗಿ, ಇಲ್ಲಂದ್ರ ಜಿಗಿ ಬರೂದಿಲ್ಲ" ಎಂದು ಹಿರಿಯಳೊಬ್ಬಳು ಹೇಳಿದರೆ ಅವಳು ಹೇಳುತ್ತಿರುವುದು ಇದನ್ನೇ. ಹಿಟ್ಟು ಹಳತಾದಷ್ಟೂ ಜಿಗಿ ಕಡಿಮೆ. ಅದಕ್ಕೇ ರಾಶಿ ರೊಟ್ಟಿ ಬಡಿಯುವ ಮುನ್ನಾದಿನ ಗಿರಣಿಯ ಮುಂದೆ ಪಾಳಿ.

ಹೀಗೆ ನಾದಿದ ಹಿಟ್ಟಿನಲ್ಲಿ ತೂಕದ ಅರ್ಧದಷ್ಟು ನೀರೇ ಇರುತ್ತದೆ. ಅದನ್ನು ಬಡಿದು ಹಂಚಿಗೆ ಹಾಕಿ, ಮೇಲೊಂದು ಹಸಿ ಬಟ್ಟೆಯಿಂದ ನೀರು ಸವರಿ, ತಿರುವಿ ಹಾಕಿದಾಗ ಒಳಗಿನ ಉಗಿ ರೊಟ್ಟಿಯನ್ನು ಉಬ್ಬಿಸುತ್ತದೆ. ಈ ಹಂತದಲ್ಲಿ ಅದು ಮೆತ್ತನ್ನ ಬಿಸಿ ರೊಟ್ಟಿ, ಆ ಹೊತ್ತಿನ ಊಟಕ್ಕೆ ಅದಕ್ಕಿಂತ ರುಚಿ ಬೇರೆ ಇಲ್ಲ. ಖಡಕ್ ಆಗಬೇಕಾದರೆ ಇನ್ನೊಂದು ಸುತ್ತು ಇದೆ. ಬೆಂದ ರೊಟ್ಟಿಯನ್ನು ಒಲೆಯ ಮಗ್ಗುಲಲ್ಲಿ, ಕೆಂಡದ ಝಳ ತಾಗುವಂತೆ ಆನಿಸಿ ನಿಲ್ಲಿಸುತ್ತಾರೆ. ಗ್ಯಾಸ್ ಇದ್ದ ಮನೆಯಲ್ಲಿ ಉರಿ ತೀರ ಸಣ್ಣ ಮಾಡಿ, ಹಂಚಿನ ಮೇಲೆಯೇ ಬಟ್ಟೆಯಿಂದ ಒತ್ತುತ್ತ ಒಣಗಿಸುತ್ತಾರೆ. ಇಲ್ಲಿ ಅವಸರ ನಡೆಯುವುದಿಲ್ಲ. ಉರಿ ಜೋರಾದರೆ ಮೇಲ್ಮೈ ಮೊದಲು ಒಣಗಿ ಬಿಗಿದುಕೊಳ್ಳುತ್ತದೆ, ಒಳಗಿನ ನೀರಿಗೆ ಹೊರಬರುವ ಬಾಗಿಲು ಮುಚ್ಚುತ್ತದೆ. ಅಂಥ ರೊಟ್ಟಿ ಸುಟ್ಟ ವಾಸನೆ ಹೊಡೆಯುತ್ತಲೇ ನಾಲ್ಕನೇ ದಿನಕ್ಕೆ ನಡುವಿನಲ್ಲಿ ಬೂಷ್ಟು ಹಿಡಿಯುತ್ತದೆ. ಹಣ್ಣು, ಮೀನು, ಕಟ್ಟಿಗೆ ಒಣಗಿಸುವವರಿಗೂ ಇದೇ ಕಾಟ.

ನೀರು ಹೋಗುತ್ತಿದ್ದಂತೆ ರೊಟ್ಟಿಯ ಒಳಗೆ ಇನ್ನೊಂದು ಬದಲಾವಣೆ ಆಗುತ್ತದೆ. ಪಿಷ್ಟದ ಉದ್ದುದ್ದ ಅಣುಗಳು ನೀರಿದ್ದಾಗ ಒಂದರ ಮೇಲೊಂದು ಜಾರಾಡುತ್ತವೆ, ಹಾಗಾಗಿ ರೊಟ್ಟಿ ಮಡಿಸಿದರೆ ಮಡಿಸಿಕೊಳ್ಳುತ್ತದೆ. ನೀರು ಕೆಲವೇ ಶೇಕಡಾಕ್ಕೆ ಇಳಿದಾಗ ಅವು ಇದ್ದಲ್ಲೇ ಸೆಟೆದು ನಿಲ್ಲುತ್ತವೆ. ಭೌತವಿಜ್ಞಾನದ ಲೆಕ್ಕದಲ್ಲಿ ಆ ಸ್ಥಿತಿಗೂ ಕಿಟಕಿಯ ಗಾಜಿಗೂ ಒಂದೇ ವರ್ಗ. ಮುರಿದರೆ ಟಕ್ ಎನ್ನುವುದು ಅದರಿಂದಲೇ. ಮಳೆಗಾಲದಲ್ಲಿ ಡಬ್ಬಿಯ ಮುಚ್ಚಳ ಸಡಿಲವಾದರೆ ರೊಟ್ಟಿ ಗಾಳಿಯಿಂದ ನೀರು ಹೀರಿ ಸಪ್ಪಗಾಗುತ್ತದೆ. ಜಲಚಟುವಟಿಕೆ 0.4, 0.5ರ ಹತ್ತಿರ ಬಂದಾಗಲೇ ಗರಿಗರಿ ಹೋಗಿಬಿಡುತ್ತದೆ. ಬೂಷ್ಟು ಬರಲು ಇನ್ನೂ ದೂರವಿರುವುದರಿಂದ ಹಂಚಿನ ಮೇಲೆ ಮತ್ತೆ ಬೆಚ್ಚಗೆ ಮಾಡಿದರೆ ಕೆಲಸ ಮುಗಿಯಿತು. ಕೆಡುವ ಬಹಳ ಮೊದಲೇ ಹಲ್ಲಿಗೆ ಸುಳಿವು ಕೊಡುವ ಆಹಾರ ಹೆಚ್ಚಿಲ್ಲ.

ಈಗ ಫ್ರೀಜರಿನ ಕಡೆ ತಿರುಗೋಣ. ಅದು ನೀರನ್ನು ಹೊರಗೆ ಕಳಿಸುವುದಿಲ್ಲ, ಇದ್ದಲ್ಲೇ ಮಂಜುಗಡ್ಡೆಯಾಗಿ ಕಟ್ಟಿಹಾಕುತ್ತದೆ. ಮೈನಸ್ 18 ಡಿಗ್ರಿಯಲ್ಲಿ ಮಂಜುಗಡ್ಡೆಯ ಜಲಚಟುವಟಿಕೆ ಸುಮಾರು 0.84. ಅಂದರೆ ಒಣತನ ಒಂದನ್ನೇ ಅಳೆದರೆ ಫ್ರೀಜರಿನ ಒಳಗಿನ ಪಲ್ಯ ಬುಟ್ಟಿಯ ಖಡಕ್ ರೊಟ್ಟಿಯ ಹತ್ತಿರಕ್ಕೂ ಬರುವುದಿಲ್ಲ. ಉಳಿದ ಕೊರತೆಯನ್ನು ಚಳಿ ತುಂಬಿಕೊಡುತ್ತದೆ, ಎಲ್ಲ ರಾಸಾಯನಿಕ ಕ್ರಿಯೆಗಳೂ ತೆವಳತೊಡಗುತ್ತವೆ. ಸೂಕ್ಷ್ಮಜೀವಿಗಳು ಮಾತ್ರ ಎಲ್ಲವೂ ಸಾಯುವುದಿಲ್ಲ. ಬಹಳಷ್ಟು ಸುಮ್ಮನೆ ಕಾಯುತ್ತಿರುತ್ತವೆ.

ಖರ್ಚಿನ ಲೆಕ್ಕ ಇನ್ನೂ ಸ್ವಾರಸ್ಯ. ಒಂದು ಗ್ರಾಂ ನೀರನ್ನು ಆವಿ ಮಾಡಲು ಸುಮಾರು 540 ಕ್ಯಾಲೊರಿ ಶಾಖ ಬೇಕು. ಅದೇ ಒಂದು ಗ್ರಾಂ ನೀರನ್ನು ಹೆಪ್ಪುಗಟ್ಟಿಸಲು ತೆಗೆಯಬೇಕಾದದ್ದು 80 ಕ್ಯಾಲೊರಿ. ರೊಟ್ಟಿ ಒಣಗಿಸುವುದು ಹೆಚ್ಚುಕಡಿಮೆ ಏಳು ಪಟ್ಟು ದುಬಾರಿ ಕೆಲಸ, ಒಲೆಯ ಮುಂದೆ ಬೆವರುವವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಆದರೆ ಒಣಗಿಸುವುದು ಸ್ವಂತ ಮನೆ ಕಟ್ಟಿಸಿದ ಹಾಗೆ, ಫ್ರೀಜರ್ ಬಾಡಿಗೆ ಮನೆ. ಒಮ್ಮೆ ಕೊಟ್ಟ ಶಾಖಕ್ಕೆ ರೊಟ್ಟಿ ತಿಂಗಳುಗಟ್ಟಲೆ ಬಾಳುತ್ತದೆ. ಫ್ರೀಜರ್ ಹಗಲಿರುಳು ಕರೆಂಟು ಕೇಳುತ್ತಲೇ ಇರುತ್ತದೆ.

ಕರೆಂಟಿನ ಮಾತು ಬಂದ ಮೇಲೆ ಹುಕ್ಕೇರಿಯನ್ನು ಬಿಡುವಂತಿಲ್ಲ. 1969ರಲ್ಲಿ ದೇಶದಲ್ಲಿ ಹುಟ್ಟಿದ ಮೊದಲ ಐದು ಗ್ರಾಮೀಣ ವಿದ್ಯುತ್ ಸಹಕಾರ ಸಂಘಗಳಲ್ಲಿ ಹುಕ್ಕೇರಿಯದೂ ಒಂದು. ಅಂದಿನ ಆಂಧ್ರದ ಸಿರಿಸಿಲ್ಲ, ಗುಜರಾತಿನ ಕೋಡಿನಾರ, ಮಹಾರಾಷ್ಟ್ರದ ಮುಳಾ-ಪ್ರವರಾ, ಉತ್ತರಪ್ರದೇಶದ ಲಖನೌ ಅದರ ಜೊತೆಯವು. ರಾಜ್ಯದ ಉಳಿದೆಡೆ ಕರೆಂಟು ಮಂಡಳಿಯದು, ಈಗ ಕಂಪನಿಗಳದು. ಹುಕ್ಕೇರಿ ತಾಲೂಕಿನಲ್ಲಿ ಬಳಸುವ ಜನರೇ ಸದಸ್ಯರಾದ ಸಂಘ ತಂತಿ ಎಳೆದು ಬಿಲ್ಲು ಕೊಟ್ಟಿತು. ಅತ್ತ ಗೋಕಾಕ ಫಾಲ್ಸಿನಲ್ಲಿ ಘಟಪ್ರಭೆಯ ನೀರು ಹತ್ತೊಂಬತ್ತನೇ ಶತಮಾನದ ಕೊನೆಯಲ್ಲೇ ನೂಲಿನ ಗಿರಣಿ ತಿರುಗಿಸುತ್ತಿತ್ತು. ಶಕ್ತಿಯ ಪರಿಚಯ ಇಷ್ಟು ಹಿಂದಿನಿಂದ ಇದ್ದ ಸೀಮೆಯ ಅಡುಗೆಮನೆ ಕರೆಂಟನ್ನು ನಂಬದೆ ಬುಟ್ಟಿಯನ್ನೇ ನಂಬಿ ಉಳಿದದ್ದಕ್ಕೆ ಕಾರಣ ಕೇಳಬೇಕಿಲ್ಲ. ಬೇಸಿಗೆಯ ಲೋಡ್ ಶೆಡ್ಡಿಂಗ್ ಅನುಭವಿಸಿದವರಿಗೆ ಅದು ಗೊತ್ತು.

ತುಂಬಿದ ಫ್ರೀಜರ್ ಬಾಗಿಲು ತೆರೆಯದಿದ್ದರೆ ಕರೆಂಟಿಲ್ಲದೆ ಸುಮಾರು 48 ತಾಸು ತಣ್ಣಗಿರುತ್ತದೆ, ಅರ್ಧ ತುಂಬಿದ್ದರೆ 24 ತಾಸು. ಒಳಗಿನ ಮಂಜುಗಡ್ಡೆಯ ರಾಶಿಯೇ ಚಳಿಯ ಗಂಟು, ಅದು ಕರಗುವ ತನಕ ರಕ್ಷಣೆ. ಅದರಾಚೆಗೆ ದೊಡ್ಡ ಅನಾಹುತ ಬಂದರೆ ಏನೂ ನಡೆಯದು. 2019ರ ಆಗಸ್ಟ್‌ನಲ್ಲಿ ಘಟಪ್ರಭೆ, ಹಿರಣ್ಯಕೇಶಿ, ಮಾರ್ಕಂಡೇಯ ಒಟ್ಟಿಗೆ ಉಕ್ಕಿದವು. 51 ಟಿಎಂಸಿ ಸಾಮರ್ಥ್ಯದ ಹಿಡಕಲ್ ಜಲಾಶಯ ತುಂಬಿ ನೀರು ಬಿಡಬೇಕಾಯಿತು, ಗೋಕಾಕದ ತಗ್ಗಿನ ಓಣಿಗಳು ಮುಳುಗಿದವು, ಲೋಳಸೂರ ಸೇತುವೆಯ ಮೇಲೆ ನೀರು ಹರಿಯಿತು. ಪರಿಹಾರಕ್ಕೆಂದು ಉತ್ತರ ಕರ್ನಾಟಕದ ಊರೂರುಗಳಿಂದ ಗಾಡಿ ಗಾಡಿ ಬಂದ ಆಹಾರದಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಮುಖ್ಯವಾಗಿದ್ದವು. ಬಿಸಿ ಮಾಡುವುದು ಬೇಡ, ತಣ್ಣಗಿಡುವುದು ಬೇಡ, ಸಾಗಿಸುವಾಗ ನಾಲ್ಕು ಮುರಿದರೂ ಕೆಡುವುದಿಲ್ಲ. ನೀರಿಲ್ಲದ ತೂಕವಾದ್ದರಿಂದ ಒಂದೇ ಗಾಡಿಯಲ್ಲಿ ಎಷ್ಟೋ ಮಂದಿಯ ಊಟ ಹಿಡಿಸುತ್ತದೆ.

ಇಂಥ ರಾಶಿ ರೊಟ್ಟಿ ಒಬ್ಬರ ಕೈಯಿಂದ ಆಗುವುದಿಲ್ಲ. ಮದುವೆ, ಜಾತ್ರೆಗೆ ವಾರ ಮೊದಲೇ ಓಣಿಯ ಹೆಣ್ಣುಮಕ್ಕಳು ಮುಯ್ಯಾಳಿನಂತೆ ಒಬ್ಬರ ಮನೆಗೆ ಒಬ್ಬರು ಹೋಗಿ ಬಡಿದುಕೊಡುತ್ತಾರೆ: ಒಬ್ಬಳು ನಾದುವವಳು, ಇಬ್ಬರು ಬಡಿಯುವವರು, ಒಬ್ಬಳು ಹಂಚಿನ ಮುಂದೆ, ಇನ್ನೊಬ್ಬಳು ಒಣಗಿಸಿ ಒಟ್ಟುವವಳು. ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಯ ಮಹಾದಾಸೋಹಕ್ಕೆ ಸುತ್ತಲ ಹಳ್ಳಿಗಳಿಂದ ಟ್ರ್ಯಾಕ್ಟರ್‌ಗಳಲ್ಲಿ ಬರುವ ರೊಟ್ಟಿ ಲಕ್ಷಗಟ್ಟಲೆ. ಅಷ್ಟನ್ನು ಮುಂಚಿತವಾಗಿ ಮಾಡಿಡಬಹುದಾದ್ದು ರೊಟ್ಟಿ ಒಣಗಿರುವುದರಿಂದಲೇ. ಜಾತ್ರೆಯ ಅನ್ನ, ಸಾರು ಮಾತ್ರ ಆಯಾ ದಿನವೇ ಬೇಯಬೇಕು.

ಹೀಗೆ ಆಯಾ ದಿನವೇ ಬೇಯಬೇಕಾದ ಅಡುಗೆಯನ್ನು ರಾಶಿ ಮಾಡಿ ಫ್ರೀಜರಿಗೆ ಇಡುವವರು ಎಡವುವುದು ತಣಿಸುವ ಹಂತದಲ್ಲಿ. ಬೇಯಿಸಿದಾಗ ಬ್ಯಾಸಿಲಸ್ ಸೀರಿಯಸ್, ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್‌ನಂಥ ಬ್ಯಾಕ್ಟೀರಿಯಾಗಳ ಬೀಜಕಗಳು ಸಾಯುವುದಿಲ್ಲ. ಅಡುಗೆ ನಿಧಾನ ಆರುತ್ತ ಹೋದಂತೆ ಅವು ಎದ್ದು ಬೆಳೆಯುತ್ತವೆ. ದಪ್ಪನೆಯ ಬೇಳೆ, ಪುಲಾವ್‌ನಂಥ ಅಡುಗೆ ನಡುವಿನ ತನಕ ತಣಿಯಲು ಬೇಕಾದ ಹೊತ್ತು ಅದರ ದಪ್ಪದ ವರ್ಗಕ್ಕೆ ತಕ್ಕಂತೆ ಏರುತ್ತದೆ. 5 ಸೆಂಟಿಮೀಟರ್ ದಪ್ಪ ಹರಡಿದ ಪುಲಾವ್‌ಗಿಂತ 20 ಸೆಂಟಿಮೀಟರ್ ಆಳದ ಪಾತೇಲಿಯದು ತಣಿಯಲು ನಾಲ್ಕು ಪಟ್ಟಲ್ಲ, ಸುಮಾರು ಹದಿನಾರು ಪಟ್ಟು ಹೊತ್ತು ಬೇಕು. ಅಮೆರಿಕದ ಆಹಾರ ಸಂಹಿತೆ 57 ಡಿಗ್ರಿಯಿಂದ 21ಕ್ಕೆ ಎರಡು ತಾಸಿನಲ್ಲಿ, ಅಲ್ಲಿಂದ 5 ಡಿಗ್ರಿಗೆ ಮುಂದಿನ ನಾಲ್ಕು ತಾಸಿನಲ್ಲಿ ಇಳಿಸಬೇಕೆನ್ನುತ್ತದೆ. ಗೋಕಾಕದ ಏಪ್ರಿಲ್ ಬಿಸಿಲಿನಲ್ಲಿ ಕೋಣೆಯೇ 35 ದಾಟಿರುವಾಗ ಪಾತೇಲಿಯನ್ನು ಕಟ್ಟೆಯ ಮೇಲೆ ಬಿಟ್ಟರೆ ಆ ಲೆಕ್ಕ ಎಂದಿಗೂ ಮುಟ್ಟುವುದಿಲ್ಲ. ಅಗಲ ತಾಟಿನಲ್ಲಿ ತೆಳ್ಳಗೆ ಹರಡಿ, ತಾಟನ್ನು ಐಸು ಹಾಕಿದ ನೀರಿನ ಮೇಲೆ ಇಡಬೇಕು.

ಹೆಪ್ಪುಗಟ್ಟುವ ವೇಗವೂ ಮುಖ್ಯ. 1910ರ ದಶಕದಲ್ಲಿ ಲ್ಯಾಬ್ರಡಾರಿನ ಕೊರೆಯುವ ಚಳಿಯಲ್ಲಿ ಅಲ್ಲಿಯ ಇನ್ಯೂಟ್ ಜನ ಹಿಡಿದ ಮೀನು ಕ್ಷಣಾರ್ಧದಲ್ಲಿ ಕಲ್ಲಾಗುವುದನ್ನೂ, ತಿಂಗಳ ನಂತರ ಬೇಯಿಸಿದರೂ ಅದು ತಾಜಾ ರುಚಿ ಕೊಡುವುದನ್ನೂ ಕ್ಲಾರೆನ್ಸ್ ಬರ್ಡ್ಸ್‌ಐ ಎಂಬ ಅಮೆರಿಕನ್ ನೋಡಿದ. ಬೇಗ ಹೆಪ್ಪುಗಟ್ಟಿದರೆ ಮಂಜಿನ ಹರಳು ಸಣ್ಣವು, ನಿಧಾನವಾದರೆ ದೊಡ್ಡವು. ದೊಡ್ಡ ಹರಳು ಜೀವಕೋಶದ ಗೋಡೆ ಹರಿಯುತ್ತದೆ. ಶೀತಲೀಕೃತ ಆಹಾರದ ಉದ್ಯಮ ಅವನ ಯಂತ್ರಗಳಿಂದ ಬೆಳೆಯಿತು. ಮನೆಯ ಫ್ರೀಜರ್ ನಿಧಾನದ್ದು. ಅದರಲ್ಲಿಟ್ಟ ಬಟಾಟೆ ಪಲ್ಯ ಕರಗಿದಾಗ ಸ್ಪಂಜಾಗುತ್ತದೆ, ಬದನೆಯ ಎಣ್ಣೆಗಾಯಿ ಸೊರಗುತ್ತದೆ. ಮೊದಲೇ ಅರೆದು ನುಣ್ಣಗಾದ ಬೇಳೆ, ಮಸಾಲೆ, ಹೂರಣಗಳಿಗೆ ಹರಿಯಲು ಕೋಶವೇ ಉಳಿದಿರುವುದಿಲ್ಲ, ಅವು ತಾಳಿಕೊಳ್ಳುತ್ತವೆ.

ಮೆತ್ತನ್ನ ರೊಟ್ಟಿ ಉಳಿದರೆ ಫ್ರಿಜ್ಜಿಗೆ ಇಡುವ ರೂಢಿ ಈಗ ಎಲ್ಲೆಡೆ. ಇಡಬಾರದ ಜಾಗ ಅದೇ. ಫ್ರೆಂಚ್ ರಸಾಯನಜ್ಞ ಬೂಸೆಂಗೋ 1852ರಲ್ಲೇ ಬ್ರೆಡ್ಡನ್ನು ನೀರು ಆರದಂತೆ ಮುಚ್ಚಿಟ್ಟರೂ ಅದು ಬಿರುಸಾಗುವುದನ್ನು, ಬಿಸಿ ಮಾಡಿದರೆ ಮತ್ತೆ ಮೆತ್ತಗಾಗುವುದನ್ನು ತೋರಿಸಿದ. ಬೆಂದಾಗ ಚದುರಿದ ಪಿಷ್ಟದ ಅಣುಗಳು ತಣ್ಣಗಾದ ಮೇಲೆ ಮತ್ತೆ ಸಾಲುಗಟ್ಟುತ್ತವೆ, ಅದು ಅತಿ ವೇಗವಾಗಿ ನಡೆಯುವುದು 0 ಡಿಗ್ರಿಗಿಂತ ಸ್ವಲ್ಪ ಮೇಲೆ, ಅಂದರೆ ಫ್ರಿಜ್ಜಿನ ಹದದಲ್ಲೇ. ಫ್ರೀಜರಿನ ಚಳಿಯಲ್ಲಿ ಆ ಚಲನೆ ಬಹುತೇಕ ನಿಲ್ಲುತ್ತದೆ. ಮೆತ್ತನ್ನ ರೊಟ್ಟಿ ಉಳಿಸಲೇಬೇಕಾದರೆ ಒಂದೋ ಫ್ರೀಜರ್, ಇಲ್ಲವೇ ಒಲೆಯ ಮಗ್ಗುಲು.

ಸಿಹಿಯಲ್ಲಿ ಈ ನೀರಿನ ಆಟ ಇನ್ನೂ ಸ್ಪಷ್ಟ. ಕಡಲೆಬೇಳೆ ಬೇಯಿಸಿ ಬೆಲ್ಲದ ಜೊತೆ ಅರೆದ ಹೂರಣದ ಹೋಳಿಗೆ ಎರಡು ದಿನದ ಮಾಲು, ಬೇಸಿಗೆಯಲ್ಲಿ ಅದೂ ಇಲ್ಲ. ಅದೇ ಕಣಕ, ಅದೇ ಬೆಲ್ಲ ಇಟ್ಟುಕೊಂಡು, ಬೇಳೆಯ ಬದಲು ಹುರಿದ ಶೇಂಗಾ ಪುಡಿ ತುಂಬಿ ಸಣ್ಣ ಉರಿಯಲ್ಲಿ ಒಣಗಿಸಿದ ಬೆಳಗಾವಿ ಸೀಮೆಯ ಶೇಂಗಾ ಹೋಳಿಗೆ ವಾರ ಕಳೆದರೂ ಜಗ್ಗುವುದಿಲ್ಲ. ಗೋಕಾಕದ ಕರದಂಟು ಇನ್ನೊಂದು ಮೆಟ್ಟಿಲು ಮೇಲೆ. ಅಂಟಿನ ಹರಳನ್ನು ಕಾದ ತುಪ್ಪಕ್ಕೆ ಹಾಕಿದ ಕ್ಷಣ ಅದರೊಳಗೆ ಸಿಕ್ಕಿಬಿದ್ದ ಅಲ್ಪ ನೀರು ಉಗಿಯಾಗಿ ಹರಳನ್ನು ಅರಳಿಸುತ್ತದೆ, ಬಟಾಣಿಯಷ್ಟಿದ್ದದ್ದು ಉಬ್ಬಿ ಹಗುರಾಗಿ ತೇಲುತ್ತದೆ. ಕೈಯಲ್ಲಿ ಹಿಸುಕಿದರೆ ಚರ್ ಎಂದು ಪುಡಿಯಾದರೆ ಒಳಗೆ ನೀರಿಲ್ಲ ಎಂದೇ ಅರ್ಥ. ನಡುವೆ ಗಟ್ಟಿ ಗುಂಡು ಉಳಿದರೆ ತುಪ್ಪ ಸಾಕಷ್ಟು ಕಾದಿರಲಿಲ್ಲ. ಇತ್ತ ಬೆಲ್ಲದ ಪಾಕ ನೀರಿಗೆ ಬಿಟ್ಟರೆ ಉಂಡೆಯಾಗುವ ಹದಕ್ಕೆ ಬರಬೇಕು. ಸಕ್ಕರೆಯ ಪಾಕದಲ್ಲಾದರೆ ಈ ಹದ ಸಿಗುವುದು 115 ಡಿಗ್ರಿಯ ಹತ್ತಿರ, ಆಗ ಅದರಲ್ಲಿ ಉಳಿದ ನೀರು ಏಳನೇ ಒಂದು ಪಾಲಿನಷ್ಟು, ಅದನ್ನೂ ಸಕ್ಕರೆ ಬಿಗಿಯಾಗಿ ಹಿಡಿದಿರುತ್ತದೆ. ಕೊಬ್ಬರಿ, ಉತ್ತತ್ತಿ, ಗೋಡಂಬಿ ಎಲ್ಲ ಮೊದಲೇ ಒಣಗಿದವು. ಹೀಗೆ ತಯಾರಾದ ಕರದಂಟು ಫ್ರಿಜ್ಜಿನ ಮುಖ ನೋಡದೆ ಊರೂರು ಸುತ್ತುತ್ತದೆ.

ಒಣಗಿಸುವ ವಿದ್ಯೆ ಸೋಲುವ ಒಂದು ಜಾಗವಿದೆ, ಅದು ಎಣ್ಣೆ. ಶೇಂಗಾದ ತೂಕದಲ್ಲಿ ಅರ್ಧದ ಹತ್ತಿರ ಎಣ್ಣೆ. ಅಗಸಿಯಲ್ಲಿ ಸುಮಾರು 40 ಶೇಕಡಾ, ಅದರಲ್ಲೂ ಅರ್ಧಕ್ಕಿಂತ ಹೆಚ್ಚು ಒಮೆಗಾ-3 ಕೊಬ್ಬು, ಗಾಳಿಯ ಆಮ್ಲಜನಕ ಕಂಡರೆ ಬೇಗ ಕೆಡುವಂಥದ್ದು. ಕಾಳಿನ ಸಿಪ್ಪೆಯೊಳಗೆ ಅದು ವರ್ಷಗಟ್ಟಲೆ ಸುರಕ್ಷಿತ. ಹುರಿದು ಕುಟ್ಟಿ ಹಿಂಡಿ ಮಾಡಿದ ಮೇಲೆ ಕೆಲ ವಾರಗಳಲ್ಲೇ ಕಮಟು ಬರುತ್ತದೆ. ನೀರು ತೆಗೆದಷ್ಟೂ ಇದು ಕಡಿಮೆಯಾಗುತ್ತದೆ ಎಂದುಕೊಳ್ಳುವಂತಿಲ್ಲ. ತೀರ ಒಣಗಿದ ಆಹಾರದಲ್ಲಿ ಎಣ್ಣೆ ಕಮಟುವುದು ಮತ್ತೆ ಚುರುಕಾಗುತ್ತದೆ. ಬಳ್ಳೊಳ್ಳಿ ಹಸಿಯಾಗಿ ಕುಟ್ಟಿ ಹಾಕಿದರೆ ನೀರಿನ ತಕರಾರೂ ಸೇರಿಕೊಳ್ಳುತ್ತದೆ, ಏಕೆಂದರೆ ಬಳ್ಳೊಳ್ಳಿಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ನೀರು. ಸಂಕೇಶ್ವರದ ಮೆಣಸಿನಕಾಯಿ ಎಷ್ಟು ಖಾರವಿದ್ದರೂ ಹಿಂಡಿ ಕೆಡುವುದನ್ನು ತಡೆಯಲು ಸಾಲದು. ಇಲ್ಲಿ ಮಾತ್ರ ಫ್ರೀಜರ್ ನಿಜಕ್ಕೂ ಉಪಕಾರಿ. ಅಗಸಿ ಹಿಂಡಿಯನ್ನು ಗಾಳಿಯಾಡದ ಸಣ್ಣ ಡಬ್ಬಿಗಳಲ್ಲಿ ತುಂಬಿ ಫ್ರೀಜರಿನಲ್ಲಿಟ್ಟು, ಒಂದೊಂದೇ ತೆಗೆದು, ಪೂರ್ತಿ ಕೋಣೆಯ ಬಿಸಿಗೆ ಬಂದ ಮೇಲೆಯೇ ಮುಚ್ಚಳ ತೆರೆಯಬೇಕು. ತಣ್ಣನೆಯ ಹಿಂಡಿಯ ಮೇಲೆ ಗಾಳಿಯ ತೇವ ಇಬ್ಬನಿಯಾಗಿ ಕೂತರೆ ಮಾಡಿದ್ದೆಲ್ಲ ವ್ಯರ್ಥ. ಖಡಕ್ ರೊಟ್ಟಿಯನ್ನು ಫ್ರೀಜರಿಗೆ ಹಾಕಬಾರದೆನ್ನುವುದೂ ಇದೇ ಇಬ್ಬನಿಯ ಕಾರಣಕ್ಕೆ.

ಇನ್ನು ಹೂರಣ. ಬೆಂಗಳೂರು, ಪುಣೆಯಲ್ಲಿ ನೌಕರಿಗಿರುವ ಈ ಭಾಗದ ಮನೆಗಳಲ್ಲಿ ರೊಟ್ಟಿಯ ಗಂಟು ಊರಿನಿಂದ ಬರುತ್ತದೆ, ಹೋಳಿಗೆ ಬರುವುದಿಲ್ಲ. ಹೋಳಿ ಹುಣ್ಣಿಮೆಗೆ ಒಂದು ಕಿಲೋ ಬೇಳೆಯ ಹೂರಣ ಒಮ್ಮೆಲೆ ಅರೆದು, ತಾಟಿನಲ್ಲಿ ಹರಡಿ ತಣಿಸಿ, ಒಂದೊಂದು ಊಟಕ್ಕಾಗುವಷ್ಟನ್ನು ಎರಡು ಬೆರಳ ದಪ್ಪಕ್ಕೂ ಮೀರದಂತೆ ಚಪ್ಪಟೆ ಕೊಟ್ಟೆ ಕಟ್ಟಿ ಫ್ರೀಜರಿನಲ್ಲಿಟ್ಟರೆ ಬೇಗ ಹೆಪ್ಪುಗಟ್ಟುತ್ತದೆ, ಬೇಗ ಕರಗುತ್ತದೆ. ರಾತ್ರಿ ಕೆಳಗಿನ ಫ್ರಿಜ್ಜಿಗೆ ಇಳಿಸಿಟ್ಟ ಕೊಟ್ಟೆ ಬೆಳಿಗ್ಗೆ ಉಂಡೆ ಕಟ್ಟಲು ತಯಾರು. ಸ್ವಲ್ಪ ನೀರು ಬಿಟ್ಟಿದ್ದರೆ ಬಾಣಲೆಯಲ್ಲಿ ಐದು ನಿಮಿಷ ಮಗುಚಿ ಕಣಕಕ್ಕೆ ತುಂಬಬಹುದು. ಕಣಕವನ್ನು ಮಾತ್ರ ಆಗಲೇ ನಾದಬೇಕು.